ಟ್ರೇಯಲ್ಲಿ ಹುಳು, ಗೋಡೆ ಮೇಲೆ ದಾರ

ಪ್ರಾಥಮಿಕ ಶಾಲೆ ಶಿಕ್ಷಕರಾಗಲು ಓದುವ ಡಿಪ್ಲೊಮಾ, ಡಿ.ಇಎಲ್.ಇಡಿ.ಯ ಎರಡನೇ ವರ್ಷದವರೆಲ್ಲ ಒಂದು ಪುಟ ಬರೆದುಕೊಡಬೇಕು. ವಿಷಯ: 'ವಿಜ್ಞಾನ ಬೋಧನೆಯ ಬಗ್ಗೆ ನನ್ನ ನಿಲುವು'. ಮೊದಲ ವರ್ಷದಲ್ಲೂ ಇದನ್ನೇ ಬರೆಸಿದ್ದರು. ಆ ಹಾಳೆ ಇನ್ನೂ ಫೈಲಿನಲ್ಲಿದೆ. ಮಗು ಕೇಂದ್ರಿತ, ಚಟುವಟಿಕೆ ಆಧಾರಿತ, ಸಂತಸದ ಕಲಿಕೆ, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ, ಹೀಗೇ ಸಾಗುತ್ತದೆ. ಒಂದೂ ಸುಳ್ಳಲ್ಲ. ಆದರೆ 'ವಿಜ್ಞಾನ' ತೆಗೆದು 'ಸಮಾಜ' ಅಂತ ಹಾಕಿದರೂ ಆ ಪುಟ ನಡೆಯುತ್ತದೆ. ಶಿಡ್ಲಘಟ್ಟ ತೆಗೆದು ಶಿವಮೊಗ್ಗ ಹಾಕಿದರೂ ನಡೆಯುತ್ತದೆ. ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ನನ್ನ ಹತ್ತಿರ ಇರುವುದು ಅದಕ್ಕಿಂತ ಸಣ್ಣ ಮಾತು. ಆದರೆ ಒಂದು ಪುಟದಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಗೌರಿಬಿದನೂರು ಕಡೆ. ಅಲ್ಲಿ ಬಯಲಲ್ಲಿ ಸಾಲು ಸಾಲು ಕಂಬ, ಕಂಬದಿಂದ ಕಂಬಕ್ಕೆ ತಂತಿ ಇರುವ ಒಂದು ಜಾಗ ಇದೆ. ಚಿಕ್ಕವಳಿದ್ದಾಗ ಅದು ಕರೆಂಟಿನವರದ್ದು ಅಂದುಕೊಂಡಿದ್ದೆ. ಅದು ರೇಡಿಯೊ ದೂರದರ್ಶಕ. 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಸೇರಿ ಕಟ್ಟಿದ್ದು. ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್‌ಗಳು, ಅಂದರೆ ತಂತಿಯ ಆಂಟೆನಾಗಳು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಕೇಳಿಸಿಕೊಳ್ಳುವುದಕ್ಕೆ. ಪಕ್ಕದಲ್ಲೇ 1997ರಿಂದ ಸೂರ್ಯನನ್ನು ರೇಡಿಯೊ ಅಲೆಗಳಲ್ಲಿ ನೋಡುವ ಇನ್ನೊಂದು ಏರ್ಪಾಡೂ ಇದೆ. ಇದೆಲ್ಲ ನನಗೆ ತಿಳಿದದ್ದು ಪಿಯುಸಿ ಮುಗಿದ ಮೇಲೆ, ಮೊಬೈಲ್‌ನಲ್ಲಿ. ಶಾಲೆಯಲ್ಲಿ ದೂರದರ್ಶಕದ ಪಾಠ ಇತ್ತು. ಗೆಲಿಲಿಯೊ ಚಿತ್ರ ಇತ್ತು. ಹೊರಗೆ ಬಸ್ ಹತ್ತಿದರೆ ಸಿಗುವ ದೂರದರ್ಶಕದ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ.

ಕಾಲೇಜಿನಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಬರೆದ ಪಿಯಾಜೆ ಬಂದರು, ವೈಗಾಟ್‌ಸ್ಕಿ ಬಂದರು, ಪಾಠವನ್ನು ಐದು ಹಂತ ಮಾಡುವ 5ಇ ಮಾದರಿ ಬಂತು. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಅಮೆರಿಕದ ಬಿಎಸ್‌ಸಿಎಸ್ ಅನ್ನುವ ತಂಡ 1980ರ ದಶಕದಲ್ಲಿ ಕಟ್ಟಿದ್ದು. ಒಳ್ಳೆಯ ಕ್ರಮವೇ. ಆದರೆ ನಮ್ಮ ಪಾಠಯೋಜನೆಯ ಹಾಳೆಯಲ್ಲಿ ಅದು ಐದು ಅಂಕಣ ಆಗುತ್ತದೆ, ನಲವತ್ತು ನಿಮಿಷಕ್ಕೆ ಸರಿಹೊಂದುತ್ತದೆ. ಅನ್ವೇಷಣೆಗೆ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಅನ್ವೇಷಣೆ ಮುಗಿಸುವ ಮಕ್ಕಳನ್ನು ನಾನು ಇನ್ನೂ ನೋಡಿಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಮಾತ್ರ ಅದು ಸಾಧ್ಯ.

ನನ್ನನ್ನು ಹಾಕಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ. ಐದನೇ ತರಗತಿ, ಪರಿಸರ ಅಧ್ಯಯನ. ಗೋಡೆ ಮೇಲೆ ಚಿಟ್ಟೆಯ ಜೀವನಚಕ್ರದ ಚಾರ್ಟ್ ಇತ್ತು. ಮೊಟ್ಟೆ, ಲಾರ್ವಾ, ಪ್ಯೂಪಾ, ಚಿಟ್ಟೆ. ಸುತ್ತಲೂ ಬಾಣದ ಗುರುತು. ಮಕ್ಕಳು ಅದನ್ನು ರಾಗವಾಗಿ ಹೇಳುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಬೆಳಗ್ಗೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆಮೇಲೆ ಶಾಲೆಗೆ ಬರುವ ಮಕ್ಕಳು. ಹೀಗೆ ಬೆಳೆಯುವ ಬೇರೆ ಪ್ರಾಣಿ ಯಾವುದು ಹೇಳಿ ಅಂತ ಕೇಳಿದೆ. ಕಪ್ಪೆ ಅಂದರು. ಸೊಳ್ಳೆ ಅಂದರು. ಅದೂ ಪುಸ್ತಕದಲ್ಲಿರುವುದೇ. ರೇಷ್ಮೆಹುಳು ಅಂತ ಒಬ್ಬರೂ ಹೇಳಲಿಲ್ಲ. ಅದು ಮನೆಗೆಲಸ, ಇದು ಪಾಠ. ಎರಡೂ ಬೇರೆ ಬೇರೆ ಮನೆಯವು ಅನ್ನುವ ಹಾಗೆ.

ಅವರಲ್ಲಿ ಒಬ್ಬ ಹುಡುಗಿಯ ಅಪ್ಪ ಒಂದು ಟ್ರೇ ಹುಳು ಕೊಟ್ಟರು. ಎರಡನೇ ಜ್ವರ ಎದ್ದ ಹುಳು, ಅಂದರೆ ಎರಡು ಸಲ ಪೊರೆ ಬಿಟ್ಟದ್ದು. ಈಗ ಹೆಚ್ಚಿನವರು ಮೊಟ್ಟೆಯಿಂದ ಶುರು ಮಾಡುವುದಿಲ್ಲ, ಮರಿಹುಳು ಸಾಕುವ ಚಾಕಿ ಕೇಂದ್ರದವರು ಅಲ್ಲಿಯವರೆಗೆ ಸಾಕಿ ಕೊಡುತ್ತಾರೆ. ಕೊಡುವಾಗ ಅವರು ಷರತ್ತು ಹಾಕಿದರು. ಕೈ ತೊಳೆಯದೆ ಮುಟ್ಟಬಾರದು. ಸೊಪ್ಪು ಒದ್ದೆ ಇರಬಾರದು. ಸೆಂಟು, ಹೊಗೆಸೊಪ್ಪು ಹತ್ತಿರ ಸುಳಿಯಬಾರದು. ಪಕ್ಕದ ಹೊಲದಲ್ಲಿ ಟೊಮೆಟೊಗೆ ಔಷಧಿ ಹೊಡೆದಿದ್ದರೆ ಆ ಬದಿಯ ಸೊಪ್ಪು ತರಲೇಬಾರದು. ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡಬೇಕು, ಇರುವೆ ಹತ್ತದ ಹಾಗೆ. ಮೇಲೆ ಸೊಳ್ಳೆಪರದೆ ಕಟ್ಟಬೇಕು, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬರದ ಹಾಗೆ. ಇಷ್ಟು ಹೇಳಿ ಅವರು ಹೋದರು. ನಾನು ಒಂದೊಂದನ್ನೂ ಬೋರ್ಡಿನ ಮೇಲೆ ಬರೆದು 'ಯಾಕೆ?' ಅಂತ ಪಕ್ಕದಲ್ಲಿ ಹಾಕಿದೆ. ಅಲ್ಲಿಗೆ ಎರಡು ವಾರದ ಪಾಠ ಸಿಕ್ಕಿತು.

ಹುಳುವನ್ನು ಅಳೆಯುವುದು ಹೇಗೆ ಅನ್ನುವುದು ಮೊದಲ ತಲೆನೋವು. ಸ್ಕೇಲಿನ ಪಕ್ಕ ಅದು ನೆಟ್ಟಗೆ ಮಲಗುವುದಿಲ್ಲ. ಒಬ್ಬ ಹುಡುಗ ಹೂ ಕಟ್ಟುವ ದಾರ ತಂದ. ಹುಳುವಿನ ಪಕ್ಕ ದಾರ ಬಾಗಿಸಿ ಇಟ್ಟು, ಅಷ್ಟಕ್ಕೆ ಕತ್ತರಿಸಿ, ಗೋಡೆಯ ಮೇಲಿನ ಹಾಳೆಗೆ ಅಂಟಿಸುವುದು. ಪ್ರತಿದಿನ ಐದು ಹುಳು ಅಳೆದು, ನಡುವಿನ ಉದ್ದದ್ದನ್ನು ಆರಿಸಿ ಅಂಟಿಸುತ್ತಿದ್ದರು. ಸರಾಸರಿ ಇನ್ನೂ ಬಾರದವರಿಗೆ ನಡುವಿನದ್ದು ಸುಲಭ. ದಾರಗಳು ಒಂದರ ಪಕ್ಕ ಒಂದು ನಿಂತವು. ಮೊದಲು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಕೊನೆಗೆ ಏಳರ ಹತ್ತಿರ. ಅದು ಗ್ರಾಫ್ ಅಂತ ನಾನು ಹೇಳಲೇ ಇಲ್ಲ. ಹೇಳುವ ಅವಸರವೂ ಇರಲಿಲ್ಲ.

ಹುಳು ಮೂರನೇ ಜ್ವರಕ್ಕೆ ಕೂರುವ ಹೊತ್ತು ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೇಷ್ಮೆಹುಳು ಮೊಟ್ಟೆಯಿಂದ ಗೂಡು ಕಟ್ಟುವವರೆಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಹೆಚ್ಚುಕಮ್ಮಿ ಒಂದು ದಿನ ಅಲ್ಲಾಡದೆ ಇರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾನು ಕೇಳಿದೆ: ಜ್ವರಕ್ಕೆ ಕೂತಾಗ ಹುಳು ಉದ್ದ ಆಗುತ್ತದಾ, ಗಿಡ್ಡ ಆಗುತ್ತದಾ, ಹಾಗೇ ಇರುತ್ತದಾ? ಮಾತಾಡುವ ಮೊದಲು ಚೀಟಿಯಲ್ಲಿ ಬರೆಯಿರಿ, ಹೆಸರು ಹಾಕಿ, ಯಾಕೆ ಅಂತಲೂ ಒಂದು ಸಾಲು. ಚೀಟಿಗಳು ಡಬ್ಬಿಗೆ ಹೋದವು.

ಆ ಡಬ್ಬಿಯೇ ನನ್ನ ಇಡೀ ನಿಲುವು ಅಂದರೂ ತಪ್ಪಿಲ್ಲ.

ಚೀಟಿ ಇಲ್ಲದೆ ಇದೇ ಪ್ರಶ್ನೆ ಕೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮುಂದೆ ಕೂತ ಇಬ್ಬರು ಹೇಳುತ್ತಾರೆ, ಉಳಿದವರು ನನ್ನ ಮುಖ ನೋಡುತ್ತಾರೆ. ಟೀಚರ್ ಹುಬ್ಬು ಯಾವ ಕಡೆ ಏರುತ್ತದೆ ಅಂತ ಓದುವುದರಲ್ಲಿ ಐದನೇ ತರಗತಿಯವರು ಪಂಡಿತರು. ಬರೆದು ಹಾಕಿದ ಮೇಲೆ ಮುಖ ನೋಡಿ ಪ್ರಯೋಜನ ಇಲ್ಲ. ಹುಳುವನ್ನೇ ನೋಡಬೇಕು. ಮತ್ತೆ, ತನ್ನದೊಂದು ಚೀಟಿ ಒಳಗಿದೆ ಅಂದರೆ ನೋಡುವ ರೀತಿಯೇ ಬದಲಾಗುತ್ತದೆ. ಊಟದ ಬೆಲ್ ಹೊಡೆದರೂ ಟ್ರೇ ಸುತ್ತ ನಿಂತಿರುತ್ತಿದ್ದರು.

ಚೀಟಿಗಳಲ್ಲಿ ಇದ್ದದ್ದು ಚೆನ್ನಾಗಿತ್ತು. 'ಉದ್ದ ಆಗತ್ತೆ, ಪಾಪು ಮಲಗಿದಾಗಲೇ ಬೆಳೆಯೋದು ಅಂತ ಅಜ್ಜಿ ಹೇಳ್ತಾರೆ.' 'ಗಿಡ್ಡ ಆಗತ್ತೆ, ಊಟ ಮಾಡಲ್ಲ.' 'ಜ್ವರ ಬಂದ್ರೆ ಯಾರಾದ್ರೂ ದಪ್ಪ ಆಗ್ತಾರಾ ಮಿಸ್?' ಎಲ್ಲದರಲ್ಲೂ ಕಾರಣ ಇದೆ, ನೋಡಿ. ಸುಮ್ನೆ ಹೇಳಿದ್ದು ಒಂದೂ ಇಲ್ಲ.

ದಾರ ಬದಲಾಗಲಿಲ್ಲ. ಹಿಂದಿನ ದಿನದಷ್ಟೇ. ಪೊರೆ ಬಿಟ್ಟ ಮೇಲೆ ಮತ್ತೆ ಏರತೊಡಗಿತು, ಅದೂ ಬೇಗ ಬೇಗ. ಹಾಳೆಯ ಮೇಲೆ ದಾರಗಳು ಮೆಟ್ಟಿಲಿನ ಹಾಗೆ ಕಾಣಿಸಿದವು. ಮೆಟ್ಟಿಲು ಯಾಕೆ ಅಂತ ಜಗಳ ಶುರುವಾಯಿತು. ಹುಳು ಕೊಟ್ಟವರ ಮಗಳು, ಅಲ್ಲಿಯವರೆಗೆ ಹೆಚ್ಚು ಮಾತಾಡದವಳು, ಎದ್ದು ನಿಂತು ಹೇಳಿದಳು: ಜ್ವರ ಎದ್ದ ಹುಳು ನೋಡಿದ ತಕ್ಷಣ ಗೊತ್ತಾಗುತ್ತೆ, ತಲೆ ದೊಡ್ಡದಿರುತ್ತೆ, ಮೈ ಸುಕ್ಕು ಸುಕ್ಕಾಗಿರುತ್ತೆ. ಕೂರುವ ಮುಂಚೆ ಮೈ ಬಿಗಿ, ತಲೆ ಚಿಕ್ಕದು. ಅವರ ಮನೆಯಲ್ಲಿ ಯಾವಾಗ ಸೊಪ್ಪು ಶುರು ಮಾಡಬೇಕು ಅಂತ ಇದನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ. ಕೀಟದ ಚರ್ಮ ನಮ್ಮ ಚರ್ಮದ ಹಾಗೆ ಬೆಳೆಯುವುದಿಲ್ಲ, ಗಟ್ಟಿ ತಲೆಯಂತೂ ಪೊರೆ ಬಿಟ್ಟಾಗ ಮಾತ್ರ ದೊಡ್ಡದಾಗುತ್ತದೆ, ಅದಕ್ಕೇ ಹಳೆಯದನ್ನು ಕಳಚಲೇಬೇಕು ಅನ್ನುವ ವಿವರಣೆಗೆ ನಾನು ಒಂದು ದಿನ ಇಟ್ಟುಕೊಂಡಿದ್ದೆ. ಅವಳ ಮಾತಿನ ಮೇಲೆ ನಾನು ಸೇರಿಸಬೇಕಾದದ್ದು ಎರಡೇ ವಾಕ್ಯ.

ಅವಳು ಅಲ್ಲಿಯವರೆಗೆ ಮಾತಾಡದೇ ಇದ್ದದ್ದಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮ ಜಿಲ್ಲೆಯ ಈ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು. ನನ್ನ ಮನೆಯಲ್ಲೂ ಅಷ್ಟೇ. ಟ್ರೇ ಸುತ್ತ ಮಕ್ಕಳು ಗುಸುಗುಸು ಮಾತಾಡುವುದೆಲ್ಲ ತೆಲುಗಿನಲ್ಲಿ, ನಾನು ಹತ್ತಿರ ಹೋದರೆ ಮೌನ. ಒಂದು ದಿನ ನಾನೇ ತೆಲುಗಿನಲ್ಲಿ ಕೇಳಿದೆ. ಆಮೇಲೆ ಟ್ರೇ ಹತ್ತಿರ ಯಾವ ಭಾಷೆಯಾದರೂ ಸರಿ, ಹಾಳೆಯ ಮೇಲೆ ಕನ್ನಡ ಅಂತ ಆಯಿತು. ಇದರ ಬಗ್ಗೆ ಕಾಲೇಜಿನಲ್ಲಿ ಏನು ಬರೆಯಬೇಕೋ ಗೊತ್ತಿಲ್ಲ. ಐದು ಅಂಕಣದಲ್ಲಿ ಇದಕ್ಕೆ ಜಾಗ ಇಲ್ಲ.

ಪ್ರಶ್ನೆ ಕೇಳುವ ಮಕ್ಕಳನ್ನು ಬೆಳೆಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ತಾಲ್ಲೂಕಿನವರೇ ಆದ ಎಚ್. ನರಸಿಂಹಯ್ಯನವರ ಫೋಟೊ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಕಾಣುತ್ತದೆ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವರ ಹೆಸರು ಹೇಳಿ 'ಪ್ರಶ್ನೆ ಮಾಡಿ ಮಕ್ಕಳೇ' ಅಂದುಬಿಡುವುದು ಸುಲಭ. ಆದರೆ ಹತ್ತು ವರ್ಷದ ಮಗುವಿನ ಪ್ರಶ್ನೆಗೆ ಕೈಕಾಲು ಬೇಕು. 'ಹುಳು ಯಾಕೆ ಹಿಪ್ಪುನೇರಳೆ ಮಾತ್ರ ತಿನ್ನುತ್ತೆ?' ಒಳ್ಳೆಯ ಪ್ರಶ್ನೆ, ಆದರೆ ಇದನ್ನು ಇಟ್ಟುಕೊಂಡು ನಾವು ಶಾಲೆಯಲ್ಲಿ ಏನೂ ಮಾಡಲಾರೆವು. ನಾನು ಏನೋ ಹೇಳಬೇಕು, ಅವರು ಬರೆದುಕೊಳ್ಳಬೇಕು. 'ಬೇರೆ ಎಲೆ ಇಟ್ಟರೆ ಏನು ಮಾಡುತ್ತೆ?' ಅಂತ ತಿರುಗಿಸಿದರೆ ಊಟದೊಳಗೆ ಉತ್ತರ ಸಿಗುತ್ತದೆ. ಸೀಬೆ ಎಲೆ, ಹೊಂಗೆ ಎಲೆ, ಹಿಪ್ಪುನೇರಳೆ ಒಂದೊಂದು ಮೂಲೆಗೆ ಇಟ್ಟರು, ನಡುವೆ ಹಸಿದ ಹುಳು ಬಿಟ್ಟರು. ಒಬ್ಬ ಹುಡುಗ ಸೀಬೆ ಎಲೆಯ ಮೇಲೆ ಹಿಪ್ಪುನೇರಳೆ ಎಲೆ ಉಜ್ಜಿ ಇಟ್ಟ, ವಾಸನೆಗೆ ಮೋಸ ಹೋಗುತ್ತದಾ ನೋಡೋಣ ಅಂತ. ಯಾರೂ ಹೇಳಿಕೊಡಲಿಲ್ಲ ಅವನಿಗೆ. 'ಯಾಕೆ'ಯನ್ನು 'ಹೀಗೆ ಮಾಡಿದರೆ ಏನಾಗುತ್ತೆ'ಗೆ ತಿರುಗಿಸಲು ಮಗುವಿಗೆ ಜೊತೆ ಕೊಡುವುದು, ಟೀಚರಿನ ಕೆಲಸದಲ್ಲಿ ಇದೇ ಕಷ್ಟದ ಭಾಗ ಅಂತ ನನಗೆ ಈಗ ಅನ್ನಿಸುತ್ತದೆ. ಪ್ರಯೋಗದ ಸಾಮಾನು ಹೊಂದಿಸುವುದು ಇದರ ಮುಂದೆ ಏನೂ ಅಲ್ಲ.

ಕೈಯಿಂದ ಮಾಡಿಸಿದರೆ ವಿಜ್ಞಾನ ತಾನಾಗಿ ಬರುತ್ತದೆ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಮೇಣದಬತ್ತಿ ಪ್ರಯೋಗ ಎಲ್ಲರಿಗೂ ಗೊತ್ತು, ಅಲ್ವಾ? ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗೈಡುಗಳಲ್ಲಿ ವಿವರಣೆ ಇರುತ್ತದೆ: ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ ಅಂತ ಸಾಬೀತಾಯಿತು. ಸಹಪಾಠಿಗಳ ಮುಂದೆ ಮಾಡುವ ಅಭ್ಯಾಸ ಪಾಠ, ಮೈಕ್ರೋ ಟೀಚಿಂಗ್‌ನಲ್ಲಿ ಇದು ಬಹಳ ಜನಪ್ರಿಯ. ನಾವು ದೊಡ್ಡವರೇ ಮಕ್ಕಳ ಹಾಗೆ ಕೂತು ತಲೆ ಆಡಿಸುತ್ತೇವೆ. ನಿಜವಾದ ಮಕ್ಕಳ ಮುಂದೆ ಮಾಡಿದಾಗ ಹಿಂದಿನ ಬೆಂಚಿನ ಒಬ್ಬ ಹೇಳಿದ: 'ಮಿಸ್, ಉರಿಯೋವಾಗ ನೀರು ಸುಮ್ನೆ ಇತ್ತು. ಆರಿದ ಮೇಲೆ ಓಡಿ ಬಂತು.' ಸರಿಯಾಗಿ ನೋಡಿದರೆ ಹೌದು. ಆಮ್ಲಜನಕ ಖರ್ಚಾಗುವುದರಿಂದ ನೀರು ಏರುವುದಾದರೆ ಉರಿಯುತ್ತಾ ಇರುವಾಗ ನಿಧಾನಕ್ಕೆ ಏರಬೇಕಿತ್ತು.

ಮತ್ತೆ ಚೀಟಿ. ಒಂದು ಬತ್ತಿಯ ಬದಲು ಮೂರು ಇಟ್ಟರೆ ನೀರು ಅಷ್ಟೇ ಏರುತ್ತದಾ, ಜಾಸ್ತಿಯಾ? ಲೋಟ ಅದೇ, ಒಳಗಿನ ಗಾಳಿ ಅದೇ. ಮೂರು ಇಟ್ಟಾಗ ನೀರು ಎದ್ದು ಕಾಣುವಷ್ಟು ಮೇಲೆ ಹೋಯಿತು. ಲೋಟ ಮುಚ್ಚುವಾಗ ಅಂಚಿನಿಂದ ಗುಳ್ಳೆ ಬರುವುದನ್ನೂ ಅವರೇ ಕಂಡರು. ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ, ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಮುಖ್ಯ ಕಾರಣ ಅದು. ಲೋಟದೊಳಗಿನ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಇಷ್ಟು ವರ್ಷ ಇಷ್ಟು ತರಗತಿಗಳಲ್ಲಿ ಈ ಪ್ರಯೋಗ 'ಚಟುವಟಿಕೆ ಆಧಾರಿತ'ವಾಗಿ ನಡೆದಿದೆ. ಎಲ್ಲರೂ ಕೈಯಾರೆ ಮಾಡಿದ್ದಾರೆ. ಕಣ್ಣಾರೆ ನೋಡಿದ್ದಾರೆ. ಕಂಡದ್ದು ಮಾತ್ರ ಗೈಡಿನಲ್ಲಿದ್ದದ್ದು.

ಈ ಹಂತದಲ್ಲಿ ನಾನು ಸ್ವಲ್ಪ ಜಂಬದಲ್ಲಿ ಇದ್ದೆ ಅನ್ನಬಹುದು. ಊಹಿಸು, ಬರೆ, ನೋಡು. ಎಲ್ಲವನ್ನೂ ಹೀಗೇ ಕಲಿಸಬಹುದು ಅನ್ನಿಸುತ್ತಿತ್ತು. ಆಮೇಲೆ ನೀರಿನ ಪಾಠ ಬಂತು.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನೀರಿನ ಪಾಠ ಅಂದರೆ ಬೋರ್‌ವೆಲ್ ಪಾಠ. ಪೆನ್ನಾರ್, ಪಾಪಾಗ್ನಿ, ಚಿತ್ರಾವತಿ ಎಲ್ಲ ಹುಟ್ಟುವುದು ನಮ್ಮ ಬೆಟ್ಟಗಳಲ್ಲೇ, ಆದರೆ ವರ್ಷಪೂರ್ತಿ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ ಈಗ ಯಾರಿಗೂ ಸುದ್ದಿಯಲ್ಲ. ಗ್ರಾನೈಟ್ ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿನಲ್ಲಿ ಬಂಡೆಯ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ, ಪಾವಗಡದ ಕಡೆಯಲ್ಲೂ, ಅದನ್ನು ದಾಟುವ ಬಾವಿಗಳಿವೆ. ಊರೂರಿಗೆ ಶುದ್ಧ ನೀರಿನ ಘಟಕ ಬಂದದ್ದು, ಕಾಯಿನ್ ಹಾಕಿ ಕ್ಯಾನ್ ತುಂಬಿಸುವುದು, ಇದಕ್ಕೇ.

ಎರಡು ಲೋಟ ಇಟ್ಟೆ. ಒಂದರಲ್ಲಿ ಘಟಕದ ನೀರು, ಇನ್ನೊಂದರಲ್ಲಿ ಬೋರಿನದ್ದು. ಯಾವುದರಲ್ಲಿ ಫ್ಲೋರೈಡ್ ಜಾಸ್ತಿ? ಮಕ್ಕಳು ಬಗ್ಗಿ ನೋಡಿದರು, ಮೂಸಿದರು. ಬೋರಿನ ನೀರು ಉಪ್ಪುಪ್ಪು, ಸೋಪು ನೊರೆ ಬರಲ್ಲ, ಅದೇ ಫ್ಲೋರೈಡ್ ಅಂದರು. ಅಲ್ಲ. ಅದು ನೀರಿನ ಗಡಸುತನ, ಬೇರೆ ಲವಣ. ಈ ಪ್ರಮಾಣದ ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಅದು ಉಳಿಯುವುದರಿಂದ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಇಲ್ಲಿ ಡಬ್ಬಿಗೆ ಚೀಟಿ ಹಾಕಿಸಿ ಪ್ರಯೋಜನ ಇಲ್ಲ. ಎಷ್ಟು ಹೊತ್ತು ನೋಡಿದರೂ ಲೋಟ ಉತ್ತರ ಹೇಳುವುದಿಲ್ಲ.

ಹಾಗಾದರೆ ನಾನು ಹೇಳಿಬಿಡಬೇಕು, ಅವರು ನಂಬಬೇಕು. ಹೇಳಿದ್ದನ್ನು ನಂಬುವುದು ವಿಜ್ಞಾನ ಹೇಗಾಗುತ್ತದೆ? ಇದು ನನ್ನನ್ನು ಕಾಡಿತು. ಪವಾಡದ ಬಾಬಾ ಕೂಡ 'ನಿನಗೆ ಕಾಣದು, ನನ್ನನ್ನು ನಂಬು' ಅಂತಲೇ ಹೇಳುವುದು.

ದಾರಿ ಸಿಕ್ಕಿದ್ದು ಪರೀಕ್ಷಾ ಕಿಟ್‌ನಿಂದ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಟ್ಟಿದ್ದಾರೆ. ಅಂಥವರಲ್ಲಿ ಒಬ್ಬರನ್ನು ಶಾಲೆಗೆ ಕರೆದೆವು. ಅವರು ನೀರಿಗೆ ಹನಿ ಹಾಕಿದರು, ಬಣ್ಣ ಬದಲಾಯಿತು, ಕಾರ್ಡಿನ ಬಣ್ಣಗಳ ಪಕ್ಕ ಹಿಡಿದು ಇದಿಷ್ಟು ಅಂದರು. ಎರಡು ಲೋಟಕ್ಕೆ ಎರಡು ಬಣ್ಣ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಅದು ಮ್ಯಾಜಿಕ್ ನೋಡಿ ತಟ್ಟಿದ ಚಪ್ಪಾಳೆ ಅನ್ನಿಸಿತು. ಆ ಕಾರ್ಡಿನ ಬಣ್ಣ ಸರಿ ಅಂತ ಕಾರ್ಡ್ ಮಾಡಿದವರಿಗೆ ಹೇಗೆ ಗೊತ್ತು, ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಮರುದಿನ ನಾವೇ ಒಂದು ಕಾರ್ಡ್ ಮಾಡಿದೆವು. ಒಂದೇ ಅಳತೆಯ ಲೋಟಗಳು, ಒಂದಕ್ಕೆ ಒಂದು ಹನಿ ಶಾಯಿ, ಇನ್ನೊಂದಕ್ಕೆ ಎರಡು, ಮುಂದಿನದಕ್ಕೆ ನಾಲ್ಕು, ಎಂಟು. ಹಿಂದೆ ಬಿಳಿ ಹಾಳೆ. ಒಂದು ಗುಂಪು ಹೊರಗೆ ಹೋಗಿ ಗುಟ್ಟಾಗಿ ಶಾಯಿ ಬೆರೆಸಿ ತರಬೇಕು, ಇನ್ನೊಂದು ಗುಂಪು ಎಷ್ಟು ಹನಿ ಅಂತ ಹೇಳಬೇಕು. ಹತ್ತಿರ ಹತ್ತಿರ ಹೇಳುತ್ತಿದ್ದರು. ಮೂರಾ ನಾಲ್ಕಾ ಅಂತ ಜಗಳ ಬರುತ್ತಿತ್ತು. ಕಿಟ್ ಕೂಡ ಅಷ್ಟೇ, ಅಂದಾಜು ಹೇಳುತ್ತದೆ, ಗಟ್ಟಿ ಬೇಕಾದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಮೊದಲು ಗೊತ್ತಿರುವುದನ್ನು ಅಳೆದು ಇಟ್ಟುಕೊಂಡು, ಗೊತ್ತಿಲ್ಲದ್ದನ್ನು ಅದರ ಪಕ್ಕ ಹಿಡಿಯುವುದು. ಇದು ಅರ್ಥವಾದ ಮೇಲೆ ಫ್ಲೋರೈಡ್ ಅವರಿಗೆ ಕಾಣಿಸಿತು ಅಂತ ನಾನು ಹೇಳುವುದಿಲ್ಲ. ಕಾಣದ್ದನ್ನು ಹೇಗೆ ಅಳೆಯುತ್ತಾರೆ ಅನ್ನುವುದು ಕಾಣಿಸಿತು.

ಹಲ್ಲಿನ ಮಾತನ್ನು ನಾನಾಗಿ ಎತ್ತಲಿಲ್ಲ. ತರಗತಿಯಲ್ಲಿ ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳಿದ್ದರು. ನಗುವಾಗ ಕೈ ಅಡ್ಡ ಹಿಡಿಯುವ ಹುಡುಗಿ ಇದ್ದಳು. ಒಳ್ಳೆಯ 'ಸ್ಥಳೀಯ ಉದಾಹರಣೆ' ಅಂತ ಯಾರಾದರೂ ಹೇಳಬಹುದು. ಮಗುವಿನ ಹಲ್ಲು ನನ್ನ ಬೋಧನೋಪಕರಣ ಅಲ್ಲ. ಆದರೆ ಒಬ್ಬ ತಾನೇ ಕೇಳಿದ, ಹಲ್ಲುಜ್ಜದೆ ಇದ್ದರೆ ಹೀಗಾಗುತ್ತಾ ಅಂತ. ಇಲ್ಲ, ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗ ಕುಡಿದ ನೀರಿನಿಂದ ಆಗುವುದು ಅದು, ಉಜ್ಜದೆ ಇದ್ದದ್ದರಿಂದ ಬಂದದ್ದಲ್ಲ, ಉಜ್ಜಿದರೆ ಹೋಗುವುದೂ ಇಲ್ಲ ಅಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮನೆಯಲ್ಲಿ ಇದಕ್ಕೇ ಬೈಸಿಕೊಂಡವರು ಬಹಳ ಜನ ಇದ್ದರು.

ಅಷ್ಟರಲ್ಲಿ ಟ್ರೇಯ ಹುಳು ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟಲು ತಯಾರಾಗಿದ್ದವು. ಗೂಡು ಕಟ್ಟಿಸುವ ತಟ್ಟಿ, ಚಂದ್ರಿಕೆಗೆ ಬಿಟ್ಟೆವು, ಗೂಡು ಕಟ್ಟಿದವು. ಮಕ್ಕಳು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗೆ ಲೊಟಲೊಟ ಅನ್ನುವುದನ್ನು ಕೇಳುತ್ತಿದ್ದಾಗ ನನಗೆ ಲೂಯಿ ಪಾಸ್ಚರ್ ಕಥೆ ನೆನಪಾಯಿತು. 1865ರಲ್ಲಿ ಫ್ರಾನ್ಸಿನ ರೇಷ್ಮೆ ರೈತರು ಪೆಬ್ರಿನ್ ರೋಗದಿಂದ ಹಾಳಾಗಿದ್ದಾಗ ಸರ್ಕಾರ ಪಾಸ್ಚರ್ ಅವರನ್ನು ಕಳಿಸಿತು. ಅವರು ರೇಷ್ಮೆಹುಳುವನ್ನು ಮುಟ್ಟಿದವರೇ ಅಲ್ಲ. ಕೀಟ ವಿಜ್ಞಾನಿ ಫಾಬ್ರ್ ಮನೆಗೆ ಹೋಗಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನಾದರೂ ಇದೆಯಾ ಅಂತ ಕೇಳಿದರಂತೆ. ಇದನ್ನು ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. 'ಅಷ್ಟೂ ಗೊತ್ತಿರ್ಲಿಲ್ವಾ ಮಿಸ್ ಅವ್ರಿಗೆ!' ಗೊತ್ತಿರಲಿಲ್ಲ. ಆದರೆ ಕೆಲವು ವರ್ಷಗಳಲ್ಲಿ ಅವರು ಕಂಡುಕೊಂಡ ಉಪಾಯ ಇಂದಿಗೂ ಇಲ್ಲಿ ನಡೆಯುತ್ತಿದೆ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗದ ಕಣ ಕಂಡರೆ ಆ ಮೊಟ್ಟೆ ಸುಡುತ್ತಾರೆ, ಯಾಕೆಂದರೆ ಪೆಬ್ರಿನ್ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ನಮ್ಮ ಮಕ್ಕಳ ಅಪ್ಪಂದಿರು 'ನೂರು ಮೊಟ್ಟೆ ತಂದೆ' ಅನ್ನುವುದು ಇಂಥ ನೂರು ತಾಯಿಯರ ಮೊಟ್ಟೆ, ಹತ್ತಿರ ಹತ್ತಿರ ನಲವತ್ತು ಐವತ್ತು ಸಾವಿರ ಹುಳು. ಮನೆಯ ಎರಡು ತಿಂಗಳ ದುಡಿಮೆಯನ್ನು ಅವರು ಈಗಾಗಲೇ ಯಾರೋ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ ಮಾತಿನ ಮೇಲೆ ಇಟ್ಟಿದ್ದಾರೆ. ಕಾಣದ್ದನ್ನು ನಂಬುವುದು ಆ ಮಕ್ಕಳಿಗೆ ಹೊಸದಲ್ಲ. ಯಾರು ನೋಡಿದರು, ಹೇಗೆ ನೋಡಿದರು ಅಂತ ಕೇಳುವುದಷ್ಟೇ ಹೊಸದು.

ಇನ್ನೊಂದು ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ, ಬಂತು. 'ಗೂಡನ್ನ ಬಿಸಿನೀರಿಗೆ ಹಾಕಿದಾಗ ಒಳಗಿಂದು ಸಾಯುತ್ತಾ?' ಕೇಳಿದವಳ ಅಪ್ಪ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರು. ಹೌದು, ಸಾಯುತ್ತದೆ ಅಂದೆ. ಚಿಟ್ಟೆ ಹೊರಗೆ ಬರಲು ಬಿಟ್ಟರೆ ಗೂಡು ತೂತಾಗುತ್ತದೆ, ಎಳೆ ಕಡಿಯುತ್ತದೆ. ಒಳ್ಳೆಯ ಬಿಳಿ ಗೂಡಿನಲ್ಲಿ ಸಾವಿರ ಮೀಟರ್ ಹತ್ತಿರ ಹೋಗುವ ಒಂದೇ ಎಳೆ ಅದು. ಅದು ಸರಿಯಾ ತಪ್ಪಾ ಅಂತ ಒಬ್ಬ ಕೇಳಿದ. ಇದು ವಿಜ್ಞಾನ ಪಿರಿಯಡ್ಡಿನಲ್ಲಿ ಅರ್ಧ ಮಾತ್ರ ಉತ್ತರ ಸಿಗುವ ಪ್ರಶ್ನೆ ಅಂದೆ. ಉಳಿದರ್ಧಕ್ಕೆ ಮನೆಯಲ್ಲಿ ಮಾತಾಡಿ ಬನ್ನಿ ಅಂತ ಹೇಳಿದೆ. ಮಾತಾಡಿದವರೂ ಇದ್ದರು, ಬೈಸಿಕೊಂಡವರೂ ಇದ್ದರು.

ಪರೀಕ್ಷೆಯಲ್ಲಿ ಇದೆಲ್ಲ ಬರುವುದಿಲ್ಲ. ನನಗೂ ಮುಂದೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ. 150 ಅಂಕ, ಪರಿಸರ ಅಧ್ಯಯನಕ್ಕೆ 30, ನಾಲ್ಕರಲ್ಲಿ ಒಂದು ಉತ್ತರ. ಅದಕ್ಕೆ ಓದುತ್ತಿದ್ದೇನೆ, ದೂರಿಲ್ಲ.

ನಾಲ್ಕು ಗೂಡುಗಳನ್ನು ಮಾತ್ರ ಕುದಿಸಲು ಕೊಡದೆ ಇಟ್ಟುಕೊಂಡಿದ್ದೆವು. ಚಿಟ್ಟೆ ಬಂದು, ಜೋಡಿಯಾಗಿ, ಕಾಗದದ ಮೇಲೆ ಮೊಟ್ಟೆ ಇಟ್ಟವು. ರೋಗ ಇದೆಯೋ ಇಲ್ಲವೋ ನಮಗೆ ಗೊತ್ತಾಗದು, ಶಾಲೆಯಲ್ಲಿ ಸೂಕ್ಷ್ಮದರ್ಶಕ ಇಲ್ಲ. ಮೊಟ್ಟೆ ತಯಾರಿಕಾ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಅನುಮತಿ ಕೇಳಿ ಪತ್ರ ಬರೆದಿದ್ದೇವೆ. ಪತ್ರದ ಜೊತೆ ಮಕ್ಕಳ ಪ್ರಶ್ನೆಗಳ ಪಟ್ಟಿಯೂ ಹೋಗಿದೆ. ಅದರಲ್ಲಿ ಮೂರನೆಯದು: 'ನೀವು ರೋಗ ಇಲ್ಲ ಅಂದಿದ್ದು ಯಾವಾಗಾದ್ರೂ ತಪ್ಪಾಗಿದ್ಯಾ? ಆಗ ಹೆಂಗ್ ಗೊತ್ತಾಯ್ತು?' ಮುಖ್ಯ ಶಿಕ್ಷಕರು ಅದನ್ನು ತೆಗೆಯೋಣವಾ ಅಂದರು, ಅಧಿಕಾರಿಗಳು ಬೇಸರ ಮಾಡಿಕೊಳ್ಳಬಹುದು ಅಂತ. ಬೇಡ ಸರ್, ಅದೊಂದು ಇರಲಿ ಅಂದೆ. ಸಹಿ ಹಾಕಿದರು.